ಅಕ್ಕಮ್ಮನ ಹೊಟ್ಟೆ ಕಟ್ಟಿದ್ದು

ಆಕಾಶ ಅಂಗೈ ಚಾಚಿದರೆ ಸಿಗುತ್ತಿತ್ತು ಎನ್ನುವ ಕಾಲವೊಂದಿತ್ತಲ್ಲ, ಜಮಖಂಡಿಗೆ ರಾಜರೂ ಸಾವಳಗಿಯ ಮನೆಮನೆಗೆ ಒಬ್ಬೊಬ್ಬ ಅತ್ತೆಯೂ ಇದ್ದ ಕಾಲ, ಆಗ ಒಂದು ಜೈನರ ಮನೆಯಲ್ಲಿ ಅಕ್ಕಮ್ಮನೆಂಬ ಅತ್ತೆಗೆ ಇಬ್ಬರು ಸೊಸೆಯರಿದ್ದರು. ಹಿರಿಯವಳು ಇಂದ್ರವ್ವ, ಕಿರಿಯವಳು ಹೀರಾ. ಹೀರಾ ಹೊಸಿಲು ದಾಟಿ ಬಂದ ದಿನದಿಂದ ಅತ್ತೆಯ ಬಾಯಲ್ಲಿ ಅದೊಂದೇ ಹೆಸರು. ಅವಳು ಬಸಿರಾದ ಮೇಲಂತೂ ಕೇಳುವುದೇ ಬೇಡ. ಇಂದ್ರವ್ವನ ಎದೆಯೊಳಗೆ ಹಸಿಕಟ್ಟಿಗೆಯ ಒಲೆ ಹೊತ್ತಿತ್ತು. ಉರಿಗಿಂತ ಹೊಗೆಯೇ ಜಾಸ್ತಿ.

ಚಾತುರ್ಮಾಸ ಬಂತು. ಮುಂದೆ ನೋಂಪಿಯ ವ್ರತಕ್ಕೆ ಕೂರಲಿದ್ದ ಅಕ್ಕಮ್ಮ ಸೊಪ್ಪು ಬಿಟ್ಟಳು. ಕುದಿಸಿದ ನೀರನ್ನಷ್ಟೇ, ಅದೂ ಹೊತ್ತು ಮುಳುಗುವುದರೊಳಗೆ ಕುಡಿಯುವ ನೇಮ ಹಿಡಿದಳು. ಸ್ವಲ್ಪ ದಿನಕ್ಕೆ ಹೊಟ್ಟೆ ಕಟ್ಟಿತು. ತಂಬಿಗೆ ಹಿಡಿದು ಹೋಗುವಳು, ಹೋದಂತೆಯೇ ಬರುವಳು. ಹೀರಾ ಔಡಲೆಣ್ಣೆ ಕುಡಿಸಿದಳು. ಮುದುಕಿ ಒಂದು ದಿನವೆಲ್ಲ ಹೊಟ್ಟೆ ಹಿಡಿದು ಓಡಾಡಿ ಸುಸ್ತಾದಳು; ಮರುದಿನದಿಂದ ಮತ್ತೆ ಹೊಟ್ಟೆ ಕದ ಹಾಕಿಕೊಂಡಿತು. ಆದರೂ "ನಮ್ಮ ಹೀರಾನ ಕೈಗುಣ ಛಲೋ ಐತಿ" ಎಂದಳು.

ಇಂದ್ರವ್ವನಿಗೆ ತಡೆಯಲಾಗಲಿಲ್ಲ. "ನೋಂಪಿಗೆ ಕೂಡ್ರೂದ್ರೊಳಗ ನಾ ನಿಮ್ಮ ಹೊಟ್ಟಿ ಹಗರ ಮಾಡ್ತೇನ್ರಿ ಅತ್ತಿ" ಎಂದು ಮಾತು ಕೊಟ್ಟುಬಿಟ್ಟಳು.

"ಯಾವ ಔಷಧಾ ಅಕ್ಕಾ?" ಹೀರಾ ಕೇಳಿದಳು.

"ನೋಡ್ತಿರು."

ಯಾವ ಔಷಧವೆಂದು ಅವಳಿಗೇ ಗೊತ್ತಿರಲಿಲ್ಲ. ಗೊತ್ತಿದ್ದುದು ಒಂದೇ ವಿದ್ಯೆ, ಹೀರಾಳ ತಪ್ಪು ಹುಡುಕುವುದು. ಹೀರಾ ಅತ್ತೆಗೆ ಬಡಿಸುವ ಒಂದೊಂದು ತುತ್ತನ್ನೂ ಬಾಗಿಲ ಸಂದಿಯಿಂದ ಕಾದು ನೋಡಿದಳು. ರೊಟ್ಟಿ, ಬೇಳೆ, ಬಿಸಿಬಿಸಿ ತುಪ್ಪ. ಹಾಳಾದವಳು ಎಲ್ಲ ಸರಿಯಾಗಿಯೇ ಬಡಿಸುತ್ತಿದ್ದಳು. ನೀರಿನ ಚಂಬು ಮಾತ್ರ ಅತ್ತೆಯ ತುಟಿಗೆ ತಾಗಿ, ತುಂಬಿದಂತೆಯೇ ಕೆಳಗಿಳಿಯಿತು. ಬೆಳಗ್ಗೆಯೂ ಹಾಗೇ, ಸಂಜೆಯೂ ಹಾಗೇ.

ಹೀರಾ ಬಾವಿಗೆ ಹೋದಾಗ ಇಂದ್ರವ್ವ ಕೇಳಿಯೇ ಬಿಟ್ಟಳು. "ನೀರ ಯಾಕ ಕುಡಿಯಂಗಿಲ್ಲರಿ ಅತ್ತಿ?"

ಅಕ್ಕಮ್ಮ ದನಿ ತಗ್ಗಿಸಿದಳು. "ಬಸರ ಹೆಣ್ಣವಾ ಅಕಿ. ನೀರ ಸೇದಬೇಕು, ಸೋಸಬೇಕು, ಕುದಿಸಬೇಕು. ನಾ ಕುಡದಷ್ಟೂ ಅಕೀಗಿ ಕೆಲಸ."

ಇಂದ್ರವ್ವನ ಕಣ್ಣು ತುಂಬಿತು, ಹೊಟ್ಟೆಕಿಚ್ಚಿಗೆ. "ನಾ ಬಸರಿದ್ದಾಗ ಕೊಡಾ ಕೊಡಾ ಕುಡೀತಿದ್ರಲ್ಲರಿ!"

"ನಿನಗ ಹೇಳಾಕ ನನಗೇನ ಸಂಕೋಚವಾ? ನೀ ಮನಿಯಾಕಿ."

ಈ ಮಾತನ್ನು ಹೊಗಳಿಕೆಯೆಂದು ಮಡಿಲಿಗೆ ಹಾಕಿಕೊಳ್ಳಬೇಕೋ, ಹೊರೆಯೆಂದು ಇಳಿಸಬೇಕೋ ಅವಳಿಗೆ ತಿಳಿಯಲಿಲ್ಲ. "ಹಂಗಾರ ನಾಳಿಂದ ನೀರಿನ ಕೆಲಸ ನಂದು. ಔಡಲೆಣ್ಣಿ ಬಂದ್" ಎಂದಳು.

ಬೆಳಗಾದರೆ ತುಪ್ಪ ಬಿಟ್ಟ ಬಿಸಿನೀರು, ಆಮೇಲೆ ನೆನೆಸಿದ ಒಣದ್ರಾಕ್ಷಿ, ಮತ್ತೆ ನೀರು. ಚಂಬು ಬರಿದಾಗುವವರೆಗೆ ಇಂದ್ರವ್ವ ಕದಲುತ್ತಿರಲಿಲ್ಲ.

"ಸಾಕವಾ, ನಾ ಏನ ಎಮ್ಮಿ ಅದೇನೇನ?"

"ಎಮ್ಮಿ ಆಗಿದ್ರ ಹೇಳದ ಕುಡೀತಿತ್ರಿ. ಎತ್ರಿ ಚಂಬು."

ಈಗ ಬಾಗಿಲ ಸಂದಿಯಲ್ಲಿ ಹೀರಾಳ ಕಣ್ಣಿತ್ತು. ಅದನ್ನು ಕಂಡ ಇಂದ್ರವ್ವನಿಗೆ ಹೋಳಿಗೆ ಉಂಡಷ್ಟು ತೃಪ್ತಿ.

ನೋಂಪಿಯ ಹಿಂದಿನ ದಿನ ಬೆಳಗ್ಗೆ ಅಕ್ಕಮ್ಮ ತಂಬಿಗೆ ಹಿಡಿದು ಕಳ್ಳಿಬೇಲಿಯಾಚೆ ಹೋದಳು. ಬಹಳ ಹೊತ್ತು ಬರಲಿಲ್ಲ. ಸೊಸೆಯರಿಬ್ಬರೂ ಅತ್ತೆಯ ಕೈಗೆ ನೀರು ಹಾಕಲು ಒಂದೊಂದು ಚಂಬು ಹಿಡಿದು, ಒಬ್ಬರ ಮುಖ ಒಬ್ಬರು ನೋಡದೆ ಹಿತ್ತಲಲ್ಲಿ ನಿಂತರು. ಕೊನೆಗೆ ಮುದುಕಿ ಬಂದಳು, ಹುಡುಗಿಯ ಹಾಗೆ ಹೆಜ್ಜೆ ಹಾಕುತ್ತ.

ಇಂದ್ರವ್ವ ಹೀರಾಳನ್ನು ಮೆಲ್ಲಗೆ ಬದಿಗೆ ಸರಿಸಿ ಮುಂದೆ ಬಂದಳು. "ಆತೇನ್ರಿ ಅತ್ತಿ?"

ಅಕ್ಕಮ್ಮ ಅವಳ ಚಂಬಿನ ಕೆಳಗೆ ಕೈಯೊಡ್ಡಿದಳು.

"ಆತವಾ, ಛಲೋತ್ನಂಗ ಆತು."