ನೆಲದ ಮೇಲೆ ನಿಂತು ತೊಳೆಯುವ ಕೋಲು

ಬೀರಮ್ಮ ನಮ್ಮ ಮನೆಗೆ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ, ನಾನು ಬಕೆಟ್ಟು, ಬ್ರಷ್ಷುಗಳನ್ನು ಗೂಡ್ಸ್ ಆಟೋಗೆ ಹಾಕಿಸುತ್ತಿದ್ದಾಗ. ಅವಳ ಗಂಡ ಚಾಮಯ್ಯ ಹದಿನಾರು ವರ್ಷದಿಂದ ನಮ್ಮ ಜೊತೆ ಕೆಲಸ ಮಾಡುತ್ತಿದ್ದಾರೆ. ಮೊದಲು ನಾವು ಬಣ್ಣ ಹೊಡೆಸುವ ಕಂಟ್ರಾಕ್ಟು ಮಾಡುತ್ತಿದ್ದೆವು. ಕುವೆಂಪುನಗರದಲ್ಲಿ ಗಾಜಿನ ಕಟ್ಟಡಗಳು ಏಳತೊಡಗಿದ ಮೇಲೆ ಗಾಜು ತೊಳೆಸುವುದಕ್ಕೆ ಹೊರಳಿಕೊಂಡೆವು. ಎತ್ತರದಲ್ಲಿ ಹಗ್ಗ ಕಟ್ಟಿದ ಹಲಗೆಯ ಮೇಲೆ ಕೂತು ತೊಳೆಯುವವರು ಚಾಮಯ್ಯ ಒಬ್ಬರೇ.

"ಅಕ್ಕ, ಒಂದ್ಮಾತು. ನಾನು ಏಳ್ದೆ ಅಂತ ಅವ್ರಿಗೆ ಗೊತ್ತಾಗ್ಬಾರ್ದು," ಅಂದಳು ಬೀರಮ್ಮ.

"ಯಾರ್ಗೂ ಹೇಳಲ್ಲ. ಕಾಫಿ ಕುಡೀತಾ ಹೇಳು."

ಅವಳು ಲೋಟ ಮುಟ್ಟಲಿಲ್ಲ. ಹಿಂದಿನ ವಾರ ದೊರೆಸ್ವಾಮಿಯವರ ಕಾಂಪ್ಲೆಕ್ಸಿನ ಮೂರನೇ ಮಹಡಿಯಲ್ಲಿ ಹಲಗೆಯ ಮೇಲಿದ್ದಾಗ ಚಾಮಯ್ಯನವರಿಗೆ ಕಣ್ಣು ಕತ್ತಲೆ ಬಂದಿತ್ತಂತೆ. ಎರಡೂ ಕೈಯಲ್ಲಿ ಹಗ್ಗ ತಬ್ಬಿಕೊಂಡು, ಕಣ್ಣು ಮುಚ್ಚಿ, ತಲೆ ನಿಲ್ಲುವವರೆಗೆ ಹಾಗೆಯೇ ಕೂತಿದ್ದರಂತೆ. ಮನೆಗೆ ಹೋಗಿ ಇಷ್ಟನ್ನು ಹೇಳಿ, ಯಾರ ಮುಂದೆಯೂ ಬಾಯಿ ಬಿಡಬೇಡ ಎಂದು ಆಣೆ ಹಾಕಿಸಿದ್ದರಂತೆ.

ನನಗೆ ಆ ದಿನ ನೆನಪಾಯಿತು. ಚಾಮಯ್ಯ ಅರ್ಧಕ್ಕೇ ಇಳಿದು ಬಂದು "ಸೋಪು ಮುಗೀತು" ಅಂದಿದ್ದರು. ಬಕೆಟ್ಟಿನಲ್ಲಿ ಅರ್ಧದಷ್ಟು ಸೋಪು ನೀರು ಇತ್ತು. ಅದನ್ನು ಚೆಲ್ಲಿದವಳು ನಾನೇ. ಆದರೂ ನನಗೆ ಏನೂ ಹೊಳೆದಿರಲಿಲ್ಲ.

"ಹತ್ತಬೇಡಿ ಅಂತ ನಾನೇ ಹೇಳ್ಬುಡ್ತೀನಿ," ಅಂದೆ.

"ಅಂಗ್ ಮಾತ್ರ ಮಾಡ್ಬೇಡಿ ಅಕ್ಕ. ಕೆಳಗ್ ಕೂರ್ಸುದ್ರೆ ಬೇರೆ ಮೇಸ್ತ್ರಿ ಹತ್ರ ಹೋಯ್ತಾರೆ. ಅಲ್ಲೂ ಹತ್ತೋದೇಯ. ನಿಮ್ಮತ್ರ ಆದ್ರೆ ಹಗ್ಗ ಆದ್ರೂ ಹೊಸದಾಗಿರ್ತದೆ."

ಅವಳು ಹೇಳಿದ್ದು ನಿಜ. ಎರಡು ವರ್ಷದ ಹಿಂದೆ ಅವರಿಗೆ ಜ್ವರ ಬಂದಿದ್ದಾಗ ಕೆಳಗೆ ನಿಂತು ಹಗ್ಗ ಹಿಡಿದರೆ ಸಾಕು ಅಂದಿದ್ದೆ. ಮೂರು ದಿನ ಮುಖ ತೋರಿಸಿರಲಿಲ್ಲ. ವಿಜಯನಗರದಲ್ಲಿ ಯಾರದೋ ಮನೆಯ ಓವರ್‌ಹೆಡ್ ಟ್ಯಾಂಕಿಗೆ ಬಣ್ಣ ಹೊಡೆಯುತ್ತಿದ್ದಾರೆಂದು ಆಮೇಲೆ ಗೊತ್ತಾಗಿತ್ತು. ಕೆಲಸ ಕಸಿದುಕೊಂಡರೆ ಆ ಮನುಷ್ಯ ಇನ್ನೂ ಎತ್ತರಕ್ಕೆ ಹೋಗುತ್ತಾರೆ. ಕಸಿಯದೆ ಇದ್ದರೆ ನನ್ನ ಕಣ್ಣೆದುರೇ ಒಂದು ದಿನ ಬೀಳುತ್ತಾರೆ. ಅವರ ಕೆಲಸ ಅವರ ಕೈಯಲ್ಲೇ ಉಳಿಯಬೇಕು, ಕಾಲು ಮಾತ್ರ ನೆಲದ ಮೇಲಿರಬೇಕು.

ನನ್ನ ಯಜಮಾನರು ರುದ್ರಸ್ವಾಮಿ ಬೆಂಗಳೂರಿನ ಒಂದು ಎಕ್ಸಿಬಿಷನ್ನಿನಿಂದ ತಂದ ಕಾಗದವೊಂದು ಟಿವಿ ಕೆಳಗೆ ಬಿದ್ದಿತ್ತು. ಅದರಲ್ಲಿ ಒಬ್ಬ ನೆಲದ ಮೇಲೆ ನಿಂತು ಉದ್ದನೆಯ ಕೋಲಿನಿಂದ ಮೇಲಿನ ಕಿಟಕಿ ತೊಳೆಯುತ್ತಿದ್ದ. ಕೋಲಿನ ಒಳಗೆ ಪೈಪು. ತುದಿಯಲ್ಲಿ ಬ್ರಷ್ಷು. ಕೆಳಗಿನಿಂದ ಪಂಪು ಒತ್ತಿದ ನೀರು ಬ್ರಷ್ಷಿನ ಮೂಲಕ ಚಿಮ್ಮುತ್ತದೆ. ಸೋಪು ಬೇಡ, ಒರೆಸುವುದೂ ಬೇಡ. ಆಗ ನಾವಿಬ್ಬರೂ ನಕ್ಕು ಬಿಟ್ಟಿದ್ದೆವು. ಒರೆಸದೆ ಗಾಜು ಕ್ಲೀನಾಗುತ್ತದೆ ಅಂದರೆ ಮೈಸೂರಿನಲ್ಲಿ ಯಾರು ನಂಬುತ್ತಾರೆ? ಇಲ್ಲಿ ಪೇಪರು ಉಂಡೆ ಮಾಡಿ ಕಿರ್ ಕಿರ್ ಎಂದು ಉಜ್ಜಿದರೇ ಗಾಜು ತೊಳೆದಂತೆ.

ಅಂದು ಸಂಜೆ ಆ ಕಾಗದ ಹುಡುಕಿ ತೆಗೆದು ಫೋನು ಮಾಡಿಸಿದೆ. ಮಾರುವವನ ಹೆಸರು ನಾಗಾರ್ಜುನ. ಶನಿವಾರ ವ್ಯಾನಿನಲ್ಲಿ ಕೋಲು ತಂದು ತೋರಿಸುತ್ತೇನೆ ಅಂದ. ವಿಶೇಷ ಫಿಲ್ಟರಿನಲ್ಲಿ ಸೋಸಿದ ನೀರಾದರೆ ಒಣಗಿದ ಮೇಲೆ ಕಲೆ ಉಳಿಯುವುದಿಲ್ಲ ಎಂದೂ ಹೇಳಿದ.

ಹೇಳುವುದನ್ನು ಎಲ್ಲರೂ ಹೇಳುತ್ತಾರೆ. ಮರುದಿನ ನಾನು ಡ್ರೆಸ್ಸಿಂಗ್ ಟೇಬಲ್ಲಿನ ಕನ್ನಡಿಯನ್ನು ಕಳಚಿ ಹಿತ್ತಲಿನಲ್ಲಿ ಮಲಗಿಸಿ ಮೂರು ಕಡೆ ಒಂದೊಂದು ಚಮಚ ನೀರು ಹಾಕಿದೆ. ಒಂದು ನಮ್ಮ ಬೋರ್‌ವೆಲ್ಲಿನದು, ಒಂದು ನಲ್ಲಿಯದು, ಇನ್ನೊಂದು ಸ್ಕೂಟರಿನ ಬ್ಯಾಟರಿಗೆ ಹಾಕಲು ತಂದಿಟ್ಟಿದ್ದ ಡಿಸ್ಟಿಲ್ಡ್ ನೀರು. ಬಿಸಿಲು ಕುಡಿದ ಮೇಲೆ ನೋಡಿದರೆ ಬೋರ್‌ವೆಲ್ಲಿನದು ಸುಣ್ಣದ ರಂಗೋಲಿ ಹಾಕಿತ್ತು. ನಲ್ಲಿಯದು ತೆಳ್ಳಗೆ ಉಂಗುರ ಬಿಟ್ಟಿತ್ತು. ಬ್ಯಾಟರಿ ನೀರು ಎಲ್ಲಿತ್ತೆಂದು ಹುಡುಕಬೇಕಾಯಿತು. ಹಾಗಾದರೆ ನೀರಿನ ವಿಷಯದಲ್ಲಿ ನಾಗಾರ್ಜುನ ಸುಳ್ಳು ಹೇಳಿರಲಿಲ್ಲ. ಕೋಲಿನ ವಿಷಯವನ್ನು ಕೈಯಲ್ಲಿ ಹಿಡಿದೇ ನೋಡಬೇಕು.

ಶುಕ್ರವಾರ ಕಾಂಪ್ಲೆಕ್ಸಿಗೆ ಹೋಗಿ ಮೂರನೇ ಮಹಡಿಯ ಕಿಟಕಿಯ ಮೇಲಂಚಿನಿಂದ ನೂಲಿಗೆ ಬೀಗ ಕಟ್ಟಿ ಇಳಿಬಿಟ್ಟೆ. ನೆಲಕ್ಕೆ ನಲವತ್ತೊಂದು ಅಡಿ. ಕೋಲು ಓರೆಯಾಗಿ ನಿಲ್ಲುತ್ತದೆ, ಅದಕ್ಕೆ ಮೂರು ನಾಲ್ಕು ಅಡಿ ಕೂಡಬೇಕು. ಹಿಡಿಯುವುದು ಎದೆಯ ಎತ್ತರದಲ್ಲಿ, ಅದಕ್ಕೆ ನಾಲ್ಕಡಿ ಕಳೆಯಬೇಕು. ಕೂಡಿದ್ದೂ ಕಳೆದದ್ದೂ ಸರಿಹೋಯಿತು.

ಶನಿವಾರ ಕಾಂಪ್ಲೆಕ್ಸಿಗೇ ಬಂದ ನಾಗಾರ್ಜುನ ಇಸ್ತ್ರಿ ಶರ್ಟಿನ ಚುರುಕು ಹುಡುಗ. ಎರಡು ಕೋಲು ತಂದಿದ್ದ. ಒಂದು ಹಳದಿ ಬಣ್ಣದ್ದು, ಗ್ಲಾಸ್ ಫೈಬರ್, ನಲವತ್ತೈದು ಅಡಿ. ಇನ್ನೊಂದು ಕಪ್ಪು, ಕಾರ್ಬನ್, ಅರವತ್ತು ಅಡಿ. ಎರಡೂ ಒಂದರೊಳಗೊಂದು ಸೇರಿಕೊಳ್ಳುವ ಕೊಳವೆಗಳು. ಬೇಕಾದಷ್ಟು ಎಳೆದು ಕ್ಲಿಪ್ಪು ಹಾಕಿಕೊಳ್ಳಬೇಕು.

ನಮ್ಮ ಯಜಮಾನರ ಕಣ್ಣು ಕಪ್ಪು ಕೋಲಿನ ಮೇಲೆಯೇ. "ತಗೊಳೋದಾದ್ರೆ ಅರವತ್ತಡೀದೇ ತಗೊಬೇಕು ಕಣೇ. ನಾಳೆ ಐದ್ ಮಹಡಿ ಕಟ್ಟುದ್ರೆ?"

"ನಾಳೆ ಕಟ್ಟೋರು ನಾಳೆ ಕರೀತಾರೆ. ಇವತ್ತು ದೊರೆಸ್ವಾಮಿಯೋರ ಮೂರು ಮಹಡಿ ತೊಳೀರಿ," ಅಂದೆ.

"ಸಾರ್ ಹೇಳ್ತಿರೋದು ಕರೆಕ್ಟ್ ಮೇಡಂ, ಫ್ಯೂಚರ್‌ಗೆ..." ಅಂದ ನಾಗಾರ್ಜುನ.

"ಫ್ಯೂಚರ್ ಹಿಡ್ಕೊಳೋದು ನೀವಲ್ಲ, ಚಾಮಯ್ಯ. ಅವರ ಕೈಗೆ ಕೊಡಿ."

ಚಾಮಯ್ಯ ದೂರದಲ್ಲಿ ಗೇಟಿಗೆ ಒರಗಿ ನಿಂತು ಇದು ತಮಗೆ ಸಂಬಂಧಿಸಿದ್ದೇ ಅಲ್ಲ ಅನ್ನುವಂತೆ ನೋಡುತ್ತಿದ್ದರು. "ಜೇಡ ಕೊಡವೋ ಕೋಲ್ನ ಇಷ್ಟ್ ಉದ್ದ ಮಾಡವ್ರಾ?" ಅಂದರು.

"ಹಂಗೇ ಅನ್ಕೊಳ್ಳಿ. ಒಂದ್ಸಲ ಹಿಡಿದು ನೋಡಿ."

ಅವರು ಚಪ್ಪಲಿ ಬಿಟ್ಟು, ಹಳದಿ ಕೋಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಎತ್ತಿದರು. ಮಡಚಿಟ್ಟಿದ್ದಾಗ ಹಗುರ ಅನ್ನಿಸಿದ್ದು ಪೂರ್ತಿ ಎಳೆದ ಮೇಲೆ ಬೇರೆಯೇ ಆಯಿತು. ಎರಡನೇ ಮಹಡಿ ದಾಟುವಷ್ಟರಲ್ಲಿ ಅದು ಗಾಳಕ್ಕೆ ಮೀನು ಬಿದ್ದ ಹಾಗೆ ಬಾಗಿ ತೂಗಾಡತೊಡಗಿತು. ಬ್ರಷ್ಷು ಒಂದು ಕಡೆ, ಚಾಮಯ್ಯನವರ ಮನಸ್ಸು ಇನ್ನೊಂದು ಕಡೆ. ಐದು ನಿಮಿಷಕ್ಕೆ ಅವರ ಕುತ್ತಿಗೆಯ ನರ ಉಬ್ಬಿದವು. ಇಳಿಸಿ ಅಂದೆ.

ಕಪ್ಪು ಕೋಲು ಬಾಗಲಿಲ್ಲ. ನೆಟ್ಟಗೆ ಹೋಗಿ ಮೂರನೇ ಮಹಡಿಯ ಗಾಜಿಗೆ ಒರಗಿತು. ಆದರೆ ಬುಡ ದಪ್ಪ. ಚಾಮಯ್ಯನವರ ಹಿಡಿಗೆ ಸರಿಯಾಗಿ ಸಿಗುತ್ತಿರಲಿಲ್ಲ. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಬುಡದ ಎರಡು ಕೊಳವೆಗಳನ್ನು ಎಳೆದೇ ಇರಲಿಲ್ಲ, ಎಳೆಯುವ ಅಗತ್ಯವೂ ಇರಲಿಲ್ಲ. ಅವು ಸುಮ್ಮನೆ ಕೈಯಲ್ಲಿ ಭಾರವಾಗಿ ಕೂತಿದ್ದವು.

"ಈ ದಪ್ಪನೆಯ ಎರಡನ್ನ ಕಳಚೋಕಾಗುತ್ತಾ?" ಎಂದು ಕೇಳಿದೆ.

ನಾಗಾರ್ಜುನ ತಲೆ ಕೆರೆದುಕೊಂಡ. "ಆಗುತ್ತೆ ಮೇಡಂ. ಇದುವರೆಗೂ ಯಾರೂ ಕೇಳಿಲ್ಲ."

"ಕಳಚಿ. ನಮಗೆ ಅಷ್ಟೇ ಸಾಕು. ಅವೆರಡು ನಿಮ್ಮ ವ್ಯಾನಲ್ಲೇ ಇರಲಿ, ಬಿಲ್ಲಿಗೂ ಬರೋದು ಬೇಡ. ಇನ್ನೊಂದು ಹೇಳಿ, ಈ ಕಪ್ಪು ಕೋಲಲ್ಲಿ ಕರೆಂಟು ಹರಿಯುತ್ತಾ?"

ಅವನು ಮುಚ್ಚಿಡದೆ, "ಹರಿಯುತ್ತೆ ಮೇಡಂ. ಒದ್ದೆ ಇದ್ರೆ ಹಳದೀದನ್ನೂ ನಂಬೋಹಾಗಿಲ್ಲ. ತಂತಿ ಹತ್ರ ಯಾವ ಕೋಲೂ ಎತ್ತಬಾರದು," ಅಂದ. ಅಷ್ಟು ಹೊತ್ತಿಗೆ ಆ ಹುಡುಗನ ಮೇಲೆ ನನಗೆ ನಂಬಿಕೆ ಬಂತು. ಕಾಂಪ್ಲೆಕ್ಸಿನ ಹಿಂದುಗಡೆ ಟ್ರಾನ್ಸ್‌ಫಾರ್ಮರ್ ಇದೆ. ಆ ಕಡೆ ಗಾಜಿಲ್ಲ, ಬರೀ ಗೋಡೆ. ಆ ಕಡೆ ಕೋಲು ಎತ್ತುವುದೇ ಬೇಡ ಎಂದು ಅಲ್ಲೇ ಎಲ್ಲರಿಗೂ ಹೇಳಿದೆ.

ಬುಡ ಕಳಚಿದ ಕೋಲು ಚಾಮಯ್ಯನವರ ಹಿಡಿಯೊಳಗೆ ಕೂತಿತು. ನಾಗಾರ್ಜುನ ವ್ಯಾನಿನ ಟ್ಯಾಂಕಿನಲ್ಲಿ ತಂದಿದ್ದ ಸೋಸಿದ ನೀರಿಗೆ ಪಂಪು ಹಾಕಿದ. ಮೇಲೆ ನೀರು ಚಿಮ್ಮಿ ಬ್ರಷ್ಷು ಧೂಳು ಬಿಡಿಸಿಕೊಂಡು ಸಾಗಿತು. ಒಂದು ಸಾಲು ಕಿಟಕಿ ಮುಗಿಯಿತು. ನನ್ನ ಉಸಿರು ಸಲೀಸಾಗುವ ಹೊತ್ತಿಗೆ ಚಾಮಯ್ಯನವರ ಕಾಲು ಜಾರಿತು.

ಕೆಳಗೆ ನಯಗೊಳಿಸಿದ ಗ್ರಾನೈಟು. ಮೇಲಿನಿಂದ ಇಳಿದ ಮಣ್ಣು ನೀರು ಅದರ ಮೇಲೆ ಹರಡಿತ್ತು. ಅವರು ಮಂಡಿಯೂರಿ ಕೂತರು. ಕೋಲು ವಾಲಿತು. ಯಜಮಾನರೂ ನಾಗಾರ್ಜುನನೂ ಓಡಿ ಹಿಡಿದುಕೊಂಡರು. ಯಾರಿಗೂ ಏನೂ ಆಗಲಿಲ್ಲ. ಆದರೆ ಚಾಮಯ್ಯನವರ ಮುಖ ಕಪ್ಪಿಟ್ಟಿತು.

"ನನ್ ಕೈಲಾಗಲ್ಲ ಬುಡಿ ಅಮ್ಮಾವ್ರೆ. ವಯಸ್ಸಾಯ್ತು. ಹಗ್ಗದ್ ಮ್ಯಾಲಾದ್ರೆ ಕೂತ್ಕೊಂಡಾದ್ರೂ ಇರ್ತೀನಿ. ಸೋಮವಾರ ಹಲಗೆ ಕಟ್ಟಿ, ಒಂದೇ ದಿನಕ್ಕೆ ಮುಗಿಸ್ಬುಡ್ತೀನಿ."

"ಅದೇ ವಾಸಿ ಅನ್ಸುತ್ತೆ," ಅಂದರು ನಮ್ಮ ಯಜಮಾನರು. ಅವರಿಗೆ ಬೀರಮ್ಮ ಹೇಳಿದ್ದು ಗೊತ್ತಿರಲಿಲ್ಲ. ಅವಳಿಗೆ ಮಾತು ಕೊಟ್ಟಿದ್ದರಿಂದ ನಾನು ಹೇಳುವ ಹಾಗೂ ಇರಲಿಲ್ಲ.

ನಾನು ಗ್ರಾನೈಟಿನ ಮೇಲೆ ನೋಡಿದೆ. ಮಣ್ಣು ನೀರಿನಲ್ಲಿ ಐದು ಬೆರಳೂ ಕೊರೆದುಕೊಂಡು ಹೋದ ಗುರುತು. ಚಾಮಯ್ಯ ಬರಿಗಾಲಲ್ಲಿದ್ದರು. ಹಲಗೆಯ ಮೇಲೆ ಕಾಲ್ಬೆರಳು ಹಿಡಿತ ಕೊಡುತ್ತದೆಂದು ಅವರು ಎಂದೂ ಮೆಟ್ಟು ಹಾಕಿದವರಲ್ಲ. ಕೆಳಗೆ ಕೆಲಸ ಮಾಡುವಾಗಲೂ ಅಷ್ಟೇ. ಅನ್ನ ಕೊಡುವ ಸಾಮಾನನ್ನು ಮೆಟ್ಟು ಮೆಟ್ಟಿಕೊಂಡು ಮುಟ್ಟುವುದಿಲ್ಲ. ನಮ್ಮಲ್ಲಿ ಬಣ್ಣ ಹೊಡೆಯುವವರೆಲ್ಲ ಹಾಗೆಯೇ. ಇಷ್ಟು ವರ್ಷ ನೋಡಿದ್ದ ನನಗೂ, ಒದ್ದೆ ಗ್ರಾನೈಟಿನ ಮೇಲೆ ಅದು ಏನು ಮಾಡೀತು ಎಂದು ಹೊಳೆಯಲಿಲ್ಲ.

"ಜಾರಿದ್ದು ವಯಸ್ಸಲ್ಲ ಚಾಮಯ್ಯ, ಕಾಲು. ಶೂ ಹಾಕ್ಕೊಳ್ಳಿ."

"ಮೆಟ್ಟು ಹಾಕ್ಕೊಂಡು ಸಾಮಾನ್ ಮುಟ್ಟೋದಾ? ನಮ್ಮಪ್ಪ ಎದ್ದು ಬಂದು ಒದ್ದಾನು."

"ನಿಮ್ಮಪ್ಪ ಗ್ರಾನೈಟ್ ಮೇಲೆ ನಿಂತಿದ್ರಾ?"

ಅವರು ಮಂಡಿಯ ಮಣ್ಣು ಒರೆಸಿಕೊಳ್ಳತೊಡಗಿದರು. ವಾದ ಮಾಡಿ ಗೆಲ್ಲುವ ವಿಷಯ ಇದಲ್ಲ ಎಂದು ನನಗೂ ಗೊತ್ತಿತ್ತು. ನಾಗಾರ್ಜುನನಿಗೆ ಎದುರು ಹೋಟೆಲಿನಲ್ಲಿ ಊಟ ಮಾಡಿ ಬರಲು ಹೇಳಿ, ಚಾಮಯ್ಯನವರ ಚಪ್ಪಲಿಯ ಅಳತೆಗೆ ಒಂದು ದಾರ ಹಿಡಿದುಕೊಂಡು ಅಂಗಡಿಗೆ ಹೋದೆ. ಹೊಲದಲ್ಲಿ ನೀರು ಕಟ್ಟುವವರು ಹಾಕುವಂಥ ಗಂಬೂಟು ಭಾರ. ರಬ್ಬರಿನ ತಳದಲ್ಲಿ ಆಳವಾಗಿ ಗೀರಿದ್ದ ಕ್ಯಾನ್ವಾಸ್ ಶೂ ಒಂದು ಜೊತೆ ಸಿಕ್ಕಿತು. ಅಂಗಡಿಯ ಬಾಗಿಲಲ್ಲಿ ನೀರು ಚೆಲ್ಲಿಸಿ, ಅದರ ಮೇಲೆ ಶೂ ಒತ್ತಿ ಎಳೆದು ನೋಡಿದೆ. ಜಾರಲಿಲ್ಲ.

ಬರುವಾಗ ಮನೆಗೆ ಹೋಗಿ ವಿಭೂತಿ ತಂದೆ. ಪೆಟ್ಟಿಗೆಯಿಂದ ಶೂ ತೆಗೆದು, ಕೋಲಿನ ಪಕ್ಕದಲ್ಲಿ ಒಂದು ಮಣೆಯ ಮೇಲಿಟ್ಟು, ಕೋಲಿಗೂ ಶೂವಿಗೂ ವಿಭೂತಿ ಹಚ್ಚಿದೆ. "ಇವು ಬೀದಿ ತುಳಿದಿಲ್ಲ. ತುಳಿಯೋದೂ ಇಲ್ಲ. ಕೆಲಸ ಮುಗಿದ ಮೇಲೆ ಬಕೆಟ್ ಜೊತೆ ಸಾಮಾನಿನ ರೂಮಲ್ಲೇ ಇರ್ತವೆ. ಇವೂ ಸಾಮಾನೇ. ಬ್ರಷ್ಷು ಹೇಗೋ ಹಾಗೆ."

ಚಾಮಯ್ಯ ಸೊಂಟದ ಬಟ್ಟೆಗೆ ಕೈ ಒರೆಸಿಕೊಂಡರು. ಆಮೇಲೆ ಬಗ್ಗಿ ಶೂ ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಮೊದಲನೇ ಸಲ ನೋಡ್ತಿದೀನಿ," ಅಂದರು ನಮ್ಮ ಯಜಮಾನರು, "ಶೂಗೆ ಕೈ ಮುಗಿದು ಹಾಕ್ಕೊಳೋರ್ನ."

"ನೀವು ಸುಮ್ಕಿರಿ ಸ್ವಾಮಿ. ಸ್ಕೂಟ್ರುಗೆ ಪೂಜೆ ಮಾಡಿ ಮ್ಯಾಲೆ ಕುಂತ್ಕಳಲ್ವಾ ನೀವು?" ಅಂದರು ಚಾಮಯ್ಯ, ಲೇಸು ಕಟ್ಟುತ್ತ.

ಮಧ್ಯಾಹ್ನ ಎರಡಕ್ಕೆ ಶುರು ಮಾಡಿದ್ದು, ನಾಲ್ಕಕ್ಕೆ ಮುಂಭಾಗ ಪೂರ್ತಿ ಮುಗಿಯಿತು. ಒಮ್ಮೆಯೂ ಜಾರಲಿಲ್ಲ. ಸಾಲು ಸಾಲಿಗೆ ನಿಂತು ಭುಜ ಸಡಿಲ ಮಾಡಿಕೊಂಡರು, ಕೋಲನ್ನು ಗಾಜಿಗೆ ಒರಗಿಸಿ ಭಾರ ಇಳಿಸುವುದನ್ನು ತಾವೇ ಕಂಡುಕೊಂಡರು. ಕೊನೆಯ ಸಾಲಿನಲ್ಲಿ ಮೇಲಿನ ಮೂಲೆಯ ಪಾರಿವಾಳದ ಹಿಕ್ಕೆಯನ್ನು ಬಿಡಿಸುತ್ತ, "ಹಲಗೆ ಮ್ಯಾಲಿಂದ ಈ ಮೂಲೆ ನಂಗೆ ಎಟುಕ್ತಾನೇ ಇರ್ನಿಲ್ಲ," ಅಂದರು.

ಆ ಹೊತ್ತಿಗೆ ಕಟ್ಟಡದ ಮಾಲೀಕರಾದ ದೊರೆಸ್ವಾಮಿ ಬಂದರು. ಕೊನೆಗೆ ಒಮ್ಮೆ ಪೂರ್ತಿ ನೀರು ಬಿಟ್ಟಿದ್ದರಿಂದ, ತಲೆಯೆತ್ತಿ ನೋಡಿದರೆ ಗಾಜಿನ ಮೇಲೆಲ್ಲ ಹನಿ. "ಏನಮ್ಮ ಇದು, ನೀರು ಹುಯ್ದು ಬಿಟ್ಟಿದೀರಿ. ಒರೆಸೋರು ಯಾರು?"

"ಒರೆಸಲ್ಲ ಸಾರ್. ಒಣಗುತ್ತೆ."

"ಒಣಗಿದ್ರೆ ಕಲೆ ಆಗುತ್ತೆ ಕಣಮ್ಮ. ಹತ್ತಿಸಿ ಒರೆಸಿಬಿಡಿ. ಚಾಮಯ್ಯ ಇದಾನಲ್ಲ."

ಚಾಮಯ್ಯನವರ ಕೈ ತಾನಾಗಿಯೇ ಸೊಂಟದ ಬಟ್ಟೆಯ ಕಡೆ ಹೋಯಿತು. ನಾನು ಮುಂದೆ ಬಂದೆ. "ಅರ್ಧ ಗಂಟೆ ಕೊಡಿ ಸಾರ್. ಒಂದು ಕಲೆ ಕಂಡರೂ ಇಡೀ ಕೆಲಸ ಬಿಟ್ಟಿ."

ನಮ್ಮ ಯಜಮಾನರು ನನ್ನನ್ನು ಓರೆಗಣ್ಣಿನಿಂದ ನೋಡಿದರು. ನಾವೆಲ್ಲ ಎದುರಿನ ಕಟ್ಟೆಯ ಮೇಲೆ ಕೂತೆವು. ನನ್ನ ಕನ್ನಡಿ ಬರೀ ಒಂದು ಚಮಚ ನೀರಿನದು, ಇದು ಮೂರು ಮಹಡಿ. ಪಡುವಣ ಬಿಸಿಲು ಗಾಜಿಗೆ ನೇರವಾಗಿ ಬಿತ್ತು. ಮೇಲಿನ ಸಾಲು ಮೊದಲು ಒಣಗಿತು, ಆಮೇಲೆ ನಡುವಿನದು. ಹನಿಗಳು ಕುಗ್ಗಿ ಕುಗ್ಗಿ ಕಾಣೆಯಾದವು. ಅವು ಇದ್ದ ಜಾಗದಲ್ಲಿ ಎದುರಿನ ತೆಂಗಿನ ಮರವೂ ಅದರ ಹಿಂದಿನ ಮೋಡವೂ ಕಂಡವು.

ದೊರೆಸ್ವಾಮಿ ಎದ್ದು ಹೋಗಿ ಕೆಳಗಿನ ಗಾಜಿಗೆ ಮೂಗು ತಾಗಿಸಿ ನೋಡಿದರು. ಬೆರಳಿನಿಂದ ಉಜ್ಜಿದರು. ಆ ಬೆರಳಿನ ಗುರುತೊಂದೇ ಅಲ್ಲಿ ಉಳಿಯಿತು.

"ಆ ಕಲೆ ನಮ್ದಲ್ಲ ಸಾಹೇಬ್ರೆ," ಅಂದರು ಚಾಮಯ್ಯ.

ದೊರೆಸ್ವಾಮಿ ನಕ್ಕು, ತಿಂಗಳಿಗೊಮ್ಮೆ ಹೀಗೆಯೇ ಮಾಡಿ ಎಂದು ಹೇಳಿ ಹೋದರು. ಯಜಮಾನರೂ ನಾಗಾರ್ಜುನನೂ ಕೋಲಿನ ಮತ್ತು ಫಿಲ್ಟರಿನ ಮಾತಾಡಲು ವ್ಯಾನಿನ ಕಡೆ ನಡೆದರು. ನಾನು ಶೂ ಒಣಗಲೆಂದು ಕಟ್ಟೆಯ ಮೇಲೆ ಮಗುಚಿ ಹಾಕಿದೆ. ಚಾಮಯ್ಯ ಪಕ್ಕದಲ್ಲೇ ಕೂತು ಅಂಗೈ ನೋಡಿಕೊಳ್ಳುತ್ತಿದ್ದರು.

"ಅಮ್ಮಾವ್ರೆ."

"ಹೇಳಿ."

"ಓದ್ ವಾರ ಮ್ಯಾಲೆ ನಂಗೆ ಕಣ್ ಕತ್ಲೆ ಬಂದ್ಬುಟ್ಟಿತ್ತು. ಸೋಪು ಮುಗ್ದಿರ್ನಿಲ್ಲ."

"ಹೌದಾ," ಅಂದೆ, ಆಗ ತಾನೇ ಕೇಳಿದವಳಂತೆ.

"ಯಾರ್ಗೂ ಏಳಿಲ್ಲ. ಏಳುದ್ರೆ ಕೆಲಸ ಹೋಯ್ತದೆ ಅಂತ ಇದ್ದೆ."

"ಈಗ ಹೋಗಲ್ಲ. ನಾಳಿದ್ದು ಸೋಮವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ಡಾಕ್ಟರ್ ಹತ್ರ ಹೋಗೋಣ. ಬಿಪಿನೋ ಸಕ್ಕರೇನೋ ನೋಡ್ಲಿ."

"ಎಂಟಕ್ಕೆ ನಮ್ ಬೀದೀಲಿ ನಲ್ಲಿ ಬತ್ತದೆ. ನಾನಿಲ್ದಿದ್ರೆ ನಮ್ಮೋಳೊಬ್ಳೇ ನೀರು ಹಿಡೀಬೇಕು. ಒಂಬತ್ತಕ್ಕೆ ಬರ್ಲಾ?"

"ಒಂಬತ್ತಕ್ಕೇ ಬನ್ನಿ," ಅಂದೆ.