ಬೋರಿಗೆ ಇಳಿಸಿದ ಹಗ್ಗ

ಶಿಲ್ಪಶ್ರೀಗೆ ಸಿಟ್ಟು ಬಂದರೆ ಮಾತು ಕಡಿಮೆಯಾಗುತ್ತದೆ. ಆವತ್ತು ಬನ್ನಿಮಂಟಪದ ಆಫೀಸಿನಲ್ಲಿ ಅವಳು ಬೆಳಗಿನಿಂದ ತುಟಿ ಬಿಚ್ಚಿರಲಿಲ್ಲ.

ಮಂಡಕಳ್ಳಿಯ ಆಚೆ, ಒಂದು ಕಂಪನಿ ಕಾರ್ಖಾನೆಗಳ ಕಸ ಸುರಿಯಲು ಜಾಗ ನೋಡಿತ್ತು. ಸುರಿದ ವಿಷ ಅಂತರ್ಜಲಕ್ಕೆ ಇಳಿಯುತ್ತದೋ ಇಲ್ಲವೋ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಆ ಕಂಪನಿಗೆ ನಕ್ಷೆ ಮಾಡಿಕೊಡುವುದು ಅವಳ ಕೆಲಸ. ಮಣ್ಣು ಎಂಥದ್ದು, ಮಳೆ ಎಷ್ಟು, ನೀರು ಎಷ್ಟು ಆಳದಲ್ಲಿದೆ, ಎಲ್ಲ ತುಂಬಿದರೆ ಅಪಾಯದ ಕಡೆ ಕೆಂಪು, ಇಲ್ಲದ ಕಡೆ ಹಸಿರು. ನೀರು ಆಳದಲ್ಲಿದ್ದಷ್ಟೂ ವಿಷ ತಲುಪುವುದು ಕಷ್ಟ. ಮೊದಲ ಸಲ ಊರಿಗೆ ಊರೇ ಹಸಿರಾಗಿ ಬಂತು. ಆಫೀಸಿನ ಮಾಲೀಕ ವಿಶ್ವನಾಥ್ ಸಿಹಿ ತರಿಸಿದ್ದರು.

ಆದರೆ ಆ ಆಳ ಬಂದದ್ದು ಎಲ್ಲಿಂದ? ಆಫೀಸಿನವರು ಮನೆಮನೆಗೆ ಹೋಗಿ "ನೀರು ಎಷ್ಟು ಅಡಿಗೆ?" ಎಂದು ಕೇಳಿ ಬಂದದ್ದು. ನಮ್ಮ ಕಡೆ ಹಾಗೆ ಕೇಳಿದರೆ ನೀರು ನಿಂತ ಮಟ್ಟ ಬಿಟ್ಟು ಬೋರು ಕೊರೆಸಿದ ಆಳವನ್ನೇ ಹೇಳುತ್ತಾರೆ, ಅದೂ ಎದೆಯುಬ್ಬಿಸಿಕೊಂಡು. ಶಿಲ್ಪಶ್ರೀ ಹೋಗಿ ಕೇಳಿದಾಗಲೂ ಆ ಊರಿನ ಇಂದ್ರಮ್ಮ "ಆರ್ನೂರಡಿ ಕಣವ್ವ!" ಎಂದರು. ಅನುಮಾನ ಬಂದು, ಮೋಟರ್ ಎತ್ತಿಟ್ಟಿದ್ದ ಅವರ ಬೋರಿಗೆ ಕಲ್ಲು ಕಟ್ಟಿದ ಹಗ್ಗ ಇಳಿಸಿದಳು. ನಲವತ್ತಡಿಗೇ ನೀರು! ಸುತ್ತಲಿನ ಬೋರುಗಳದ್ದೂ ಅದೇ ಕಥೆ. ಹೊಸ ಆಳ ತುಂಬಿದಳು, ನಕ್ಷೆ ಕೆಂಪಾಯಿತು.

"ಹಳೇದನ್ನೇ ಕೊಡೋಣ ಕಣಮ್ಮ," ಎಂದರು ವಿಶ್ವನಾಥ್. "ನಾಳೆ ಊರೋರ ಮುಂದೆ ಸಭೆ. ಈಗ ಬದಲಾಯಿಸಿದ್ರೆ ಮುಂದೆ ನಮಗೆ ಯಾರು ಕೆಲಸ ಕೊಡ್ತಾರೆ?"

"ಆ ನೀರು ಕುಡಿಯೋರಿಗೆ ಏನು ಹೇಳ್ತೀರಿ ಸರ್?"

"ನೀನು ನಿನ್ನ ಕೆಲಸ ನೋಡ್ಕೋ."

ಮಾರನೇ ದಿನ ಊರಿನ ಸಮುದಾಯ ಭವನ ತುಂಬಿತ್ತು. ಪರದೆಯ ಮೇಲೆ ಹಸಿರು ನಕ್ಷೆ, ಮೂಲೆಯಲ್ಲಿ ಅವಳದೇ ಹೆಸರು. ಅದನ್ನು ಕಂಡದ್ದೇ ಅವಳ ಮೈ ಉರಿಯಿತು. ಎದ್ದು ನಿಂತಳು.

"ಈ ನಕ್ಷೆ ಸುಳ್ಳು. ಮಾಡಿದೋಳೂ ನಾನೇ, ಹೇಳ್ತಿರೋಳೂ ನಾನೇ. ನಂಬದೋರು ಈ ಭವನದ ಹಿಂದೇನೇ ಇರೋ ಇಂದ್ರಮ್ಮನೋರ ಬೋರ್ ಹತ್ರ ಬನ್ನಿ."

ಸಭೆ ನಡೆಸಲು ಬಂದಿದ್ದ ಅಧಿಕಾರಿಯೇ ಮೊದಲು ಎದ್ದರು. ಹಿಂದೆಯೇ ಊರು ಹೊರಟಿತು. ಬೋರಿನ ಹತ್ತಿರ ವಿಶ್ವನಾಥ್ ಅವಳ ಪಕ್ಕಕ್ಕೆ ಬಂದು ಹಲ್ಲು ಕಚ್ಚಿಕೊಂಡು, "ನಾಳೆಯಿಂದ ಆಫೀಸಿಗೆ ಬರೋದು ಬೇಡ," ಎಂದರು.

"ಆಗ್ಲಿ ಸರ್. ಇದನ್ನ ಹಿಡ್ಕೊಳ್ಳಿ."

ಚೀಲದಿಂದ ಅದೇ ಕಲ್ಲು ಕಟ್ಟಿದ ಹಗ್ಗ ತೆಗೆದು ಅವರ ಕೈಗೇ ಕೊಟ್ಟಳು. ಅಷ್ಟು ಜನ ನೋಡುತ್ತಿರುವಾಗ ಬೇಡ ಎನ್ನುವುದು ಹೇಗೆ? ವಿಶ್ವನಾಥ್ ಇಳಿಸತೊಡಗಿದರು. ಹತ್ತಡಿಗೊಂದು ಗಂಟು, ಇಂದ್ರಮ್ಮ ಒಂದೊಂದನ್ನೂ ಜೋರಾಗಿ ಎಣಿಸಿದರು. ನಾಲ್ಕನೆಯ ಗಂಟು ಬೋರಿನ ಬಾಯಿಗೆ ಬರುತ್ತಿದ್ದ ಹಾಗೇ ಕೆಳಗೆ ಗುಳುಂ ಎಂದಿತು.

"ಇನ್ನೊಂದ್ಸಲ ಬಿಡಿ ಸರ್," ಎಂದಳು ಶಿಲ್ಪಶ್ರೀ, "ಹಿಂದೆ ನಿಂತಿರೋರಿಗೆ ಕೇಳಿಸ್ಲಿಲ್ಲ."