ಹನ್ನೆರಡು ಮಾಸ್ಕುಗಳು

"ಹನ್ನೆರಡು ಅಂತ ಬರದೈತಲ್ರಿ ಸಾಹೇಬ್ರ, ಅಷ್ಟೂ ಕಳಸ್ರಿ."

ಫೋನಿನಲ್ಲಿ ಅಗ್ನಿಶಾಮಕ ದಳದ ಶರಣಬಸಪ್ಪ. ಜೋಗೇಶ್ವರಿಯ ಐಸ್ ಫ್ಯಾಕ್ಟರಿಯೊಂದರಲ್ಲಿ ಅಮೋನಿಯಾ ಪೈಪು ಒಡೆದು ಅರ್ಧ ಗಂಟೆಯಾಗಿತ್ತು. ಇಬ್ಬರು ಕೆಲಸಗಾರರು ಒಳಗೆ ಸಿಕ್ಕಿಕೊಂಡಿದ್ದರು. ದಳದ ಬಳಿ ಗಾಳಿ ಉಳಿದದ್ದು ಒಂದೇ ಸಿಲಿಂಡರಿನಲ್ಲಿ.

ಭಾಂಡುಪ್‌ನ ವಿಪತ್ತು ನಿರ್ವಹಣಾ ಕಂಟ್ರೋಲ್ ರೂಮಿನಲ್ಲಿ ಅಧಿಕಾರಿ ಶಶಿಕಾಂತನ ಮುಂದೆಯೇ ಪಟ್ಟಿ ಇತ್ತು. ಇಂಥ ಅವಘಡಕ್ಕೆ ಸರ್ಕಾರದ ಬಳಿ ಏನೇನಿದೆ ಎಂಬ ಪಟ್ಟಿ. ಸಿಲಿಂಡರ್ ಸಹಿತ ಮಾಸ್ಕು: ಭಾಂಡುಪ್ ನಾಲ್ಕು, ಪವಾಯಿ ನಾಲ್ಕು, ಜೋಗೇಶ್ವರಿ ನಾಲ್ಕು. ಕೆಳಗೆ 'ಪರಿಶೀಲಿಸಲಾಗಿದೆ' ಎಂದು ಅವನದೇ ಸಹಿ. ಅಂದವಾದ ಸಹಿ.

"ಸ್ವಲ್ಪ ತಡೀರಿ. ನೋಡಿ ಹೇಳ್ತೀನಿ."

"ನೋಡೂದೇನೈತ್ರಿ? ಜೋಗೇಶ್ವರಿ ಸ್ಟೋರ್‌ನ್ಯಾಗ ಒಂದೂ ಇಲ್ಲ."

ಇರಲು ಸಾಧ್ಯವಿರಲಿಲ್ಲ. ಮಾಸ್ಕುಗಳು ಒಟ್ಟು ನಾಲ್ಕೇ. ವರ್ಷಕ್ಕೊಮ್ಮೆ ಮಾಕ್ ಡ್ರಿಲ್ ಬಂದಾಗ ಅವೇ ನಾಲ್ಕು ಬೆಳಿಗ್ಗೆ ಭಾಂಡುಪ್‌ನಲ್ಲಿ, ಮಧ್ಯಾಹ್ನ ಪವಾಯಿಯಲ್ಲಿ, ಸಂಜೆ ಜೋಗೇಶ್ವರಿಯಲ್ಲಿ ಮೆರೆಯುತ್ತಿದ್ದವು. ಮೂರೂ ಕಡೆಯವರು ಕಣ್ಣಾರೆ ಕಂಡು ಬರೆದುಕೊಳ್ಳುತ್ತಿದ್ದರು. ವ್ಯಾನು ತಿರುಗಿಸುವ ಏರ್ಪಾಡು ಶಶಿಕಾಂತನದು. ಎಂ.ಎಸ್ಸಿ. ಓದಿದ ಅವನು ಸುಳ್ಳು ಬರೆದಿರಲಿಲ್ಲ. ಬಂದದ್ದನ್ನು ಕೂಡಿದ್ದ, ಅಷ್ಟೆ.

"ನಾಲ್ಕೇ ಉಂಟು ಅಂತ ಹೇಳಿಬಿಡಿ ಸರ್," ಎಂದಳು ಎದುರಿನ ಮೇಜಿನ ಶೀಲಾವತಿ. ಉಡುಪಿಯವಳು. ಆರು ವರ್ಷದಿಂದ ಅವನ ಟಿಪ್ಪಣಿಗಳನ್ನು ಟೈಪು ಮಾಡುತ್ತಿದ್ದವಳು. "ಡ್ರಿಲ್ ಆದ ಮೇಲೆ ಸಿಲಿಂಡರ್ ತುಂಬಿಸಿದ್ದುಂಟಾ?"

"ಯಾರಾದ್ರೂ ತುಂಬಿಸಿರ್ತಾರ."

"ಯಾರು?"

ಅವನು ಫೋನಿಗೆ ಹೇಳಿದ: "ಹೊಂಟಾವ್ರಿ."

ಹೇಳಿದ ಮೇಲೆ ಭಯವಾಯಿತು. ಭಯಕ್ಕಿಂತ ನಾಚಿಕೆ ಹೆಚ್ಚಾಯಿತು. ನಾಚಿಕೆಯಿಂದಲೇ ಎದ್ದು, ನಾಲ್ಕು ಪೆಟ್ಟಿಗೆ ಹೇರಿಸಿ, ತಾನೂ ವ್ಯಾನು ಹತ್ತಿದ.

ಪವಾಯಿ ಕೆರೆಯ ಬಳಿ ಟ್ರಾಫಿಕ್ ನಿಂತಿತ್ತು. ಪೆಟ್ಟಿಗೆಗಳು ಬೆನ್ನ ಹಿಂದೆಯೇ ಇದ್ದವು. ತೆರೆದು ಒತ್ತಡದ ಮುಳ್ಳು ನೋಡಬಹುದಿತ್ತು. ನೋಡಲಿಲ್ಲ. ನೋಡಿದರೆ ಗೊತ್ತಾಗುತ್ತಿತ್ತು.

ಮತ್ತೆ ಫೋನು. "ಎಲ್ಲಿದ್ದೀರಿ?"

"ಪವಾಯಿ ದಾಟಿದ್ವಿ."

"ಹಂಗಾರ ನಾ ಒಳಗ ಹೋಗ್ತೀನ್ರಿ. ಒಬ್ಬಾಂವ ಇನ್ನೂ ಕೆಮ್ಮಾಕತ್ಯಾನ, ಕೇಳಸ್ತೈತಿ. ನೀವು ಬಂದ ಕೂಡಲೆ ನಮ್ಮ ಹುಡುಗ ನವೀನ ಹಿಂದ ಬರ್ತಾನ. ಹನ್ನೆರಡೂ ಅದಾವಲ್ರಿ?"

ಬಾಯಿ ತೆರೆದ. ಇಲ್ಲ ಎನ್ನಲು ಅರೆಗಳಿಗೆ ಸಾಕಿತ್ತು.

"ಲಗೂ ಬರ್ತೀವಿ," ಎಂದ.

ಜೋಗೇಶ್ವರಿಯ ಗಲ್ಲಿಯಲ್ಲಿ ಕಣ್ಣು ಉರಿಯತೊಡಗಿತು. ನವೀನ ಓಡಿಬಂದು ಪೆಟ್ಟಿಗೆ ಇಳಿಸಿಕೊಂಡ.

"ಉಳಿದದ್ದು?"

"ಹಿಂದಿನ ವ್ಯಾನಿನಾಗ..." ನಾಲಿಗೆ ತಾನಾಗಿಯೇ ಹೇಳಿತು.

ನವೀನ ಮೊದಲ ಸಿಲಿಂಡರಿನ ಮುಳ್ಳು ನೋಡಿದ. ಎರಡನೆಯದನ್ನು ನೋಡಿದ. ಮೂರು, ನಾಲ್ಕು. ನಾಲ್ಕರ ಮುಳ್ಳೂ ಸೊನ್ನೆಯಲ್ಲೇ ನಿಂತಿತ್ತು. ಬೈಯಲಿಲ್ಲ. ಬೈದಿದ್ದರೆ ಶಶಿಕಾಂತನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ನಮ್ಮ ಸಾರ್ ನಿಮ್ಮನ್ನು ನಂಬಿ ಒಳಗೆ ಹೋದದ್ದು," ಎಂದ ನವೀನ.

ಆಗಲೇ ಫ್ಯಾಕ್ಟರಿಯ ಒಳಗಿನಿಂದ ಸಣ್ಣ ಸೀಟಿ ಕೇಳಿಸಿತು. ಬೆನ್ನಿನ ಸಿಲಿಂಡರಿನಲ್ಲಿ ಗಾಳಿ ಮುಗಿಯುತ್ತ ಬಂದಾಗ ಅದು ತಾನಾಗಿ ಊದುತ್ತದೆ. ನವೀನ ಮುಖಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡು ಬಾಗಿಲಿಗೆ ನುಗ್ಗಿದ. ದಳದ ಇಬ್ಬರು ಅವನನ್ನು ಹಿಂದಕ್ಕೆ ಹಿಡಿದೆಳೆದರು.

ಶಶಿಕಾಂತ ನೆಲದ ಮೇಲಿದ್ದ ಒಂದು ಸಿಲಿಂಡರನ್ನು ಬೆನ್ನಿಗೆ ಏರಿಸಿಕೊಂಡ. ಮಾಸ್ಕು ಹಾಕಿ ಪಟ್ಟಿ ಬಿಗಿದ. ಉಸಿರು ಎಳೆದ. ಒಳಗೆ ಏನೂ ಬರಲಿಲ್ಲ. ರಬ್ಬರು ಮಾತ್ರ ಕೆನ್ನೆಗೆ ಕಚ್ಚಿಕೊಂಡಿತು. ಗಾಜು ಮಬ್ಬಾಯಿತು. ಸೀಟಿ ಇನ್ನೂ ಊದುತ್ತಿದೆಯೋ, ನಿಂತಿತೋ, ಅವನಿಗೆ ತಿಳಿಯಲಿಲ್ಲ.

ಗಲ್ಲಿಯ ಜನ ಗೌರವದಿಂದ ಎರಡೂ ಕಡೆ ಸರಿದು ಅವನಿಗೆ ದಾರಿ ಬಿಟ್ಟರು.